ಕಡಲಗದ್ದೆಯಲ್ಲಿ ಓದಿದ ವರ್ಷ

ಫೆಬ್ರವರಿ ಮೂವತ್ತು, 2287
ಕಾರವಾರದಾಚೆಯ ಕಡಲಗದ್ದೆಯ ದಡ

ನಮಗಿಂತ ಮೊದಲು ಬಾಳುತ್ತಿರುವ ಓದುಗರಿಗೆ ಗಿರಿಜಾ ಹರಿಕಂತ್ರಳ ನಮಸ್ಕಾರಗಳು.

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ನಮ್ಮ ಹಿರಿಯರು ಅದಕ್ಕೂ ಮೂವತ್ತು ದಿನ ಕೊಟ್ಟರು. ನನ್ನ ಕೆಲವು ಪದಗಳೂ ನಿಮಗೆ ಹೊಸತೆನಿಸಬಹುದು, ಮನ್ನಿಸಿ. ಕಡಲಗದ್ದೆಯೆಂದರೆ ನೀರಿನಲ್ಲಿ ಹಗ್ಗ ಕಟ್ಟಿ ನಾವು ಪಾಚಿ ಬೆಳೆಯುವ ಜಾಗ. ಅದರ ನಡುವೆ ಒಂದು ತೇಲುಮನೆ ಇದೆ. ಇಬ್ಬಿಬ್ಬರಂತೆ ಅಲ್ಲಿ ಒಂದು ವರ್ಷ ಇದ್ದು ಬೆಳೆ ಕಾಯಬೇಕು. ಹೊರಡುವವರು ಅಕ್ಕಿ, ಮೆಣಸಿನಕಾಯಿಗಳ ಜೊತೆ ಪುಸ್ತಕಗಳನ್ನೂ ಒಯ್ಯುತ್ತಾರೆ. ಯಾವುದನ್ನು ಒಯ್ಯಬೇಕೆಂದು ಕೇಳಿದವರಿಗೆಲ್ಲ ನಾನು ಹೇಳುವುದನ್ನೇ ನಿಮಗೂ ಬರೆಯುತ್ತಿದ್ದೇನೆ. ಇವುಗಳಲ್ಲಿ ಕೆಲವು ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿರಲಾರವು.

ಮೊದಲ ತಿಂಗಳುಗಳಿಗೆ 'ತಪ್ಪಿದ ಬಸ್ಸಿನ ಸಂಸಾರ' ಎಂಬ ಕಾದಂಬರಿ ಇರಲಿ. ಬಸ್ಸು ತಪ್ಪಿಸಿಕೊಂಡ ಗಂಡ ಹೆಂಡತಿ ಅದೇ ನಿಲ್ದಾಣದಲ್ಲಿ ಚಹಾದ ಅಂಗಡಿ ಹಾಕಿ, ಮೊಮ್ಮಕ್ಕಳನ್ನು ಕಾಣುವ ಕತೆ ಅದು. ನಾನು ಬಸ್ಸನ್ನೇ ಕಂಡವಳಲ್ಲ. ಆದರೂ ಅದರ ಹಾರ್ನ್ ಕೇಳಿದ ಹಾಗಾಗಿ ಎರಡು ಬಾರಿ ತಲೆಯೆತ್ತಿದೆ. ಹಾಗೆ ಬರೆದವರಿಗೆ ಕೈ ಮುಗಿಯಬೇಕು.

ನನ್ನ ಜೊತೆ ಬಂದಿದ್ದವರು ತುಳಸಕ್ಕ. ಅವರ ತಮ್ಮ ವಿಠೋಬ ಹಿಂದಿನ ಮಳೆಗಾಲದಲ್ಲಿ ದೋಣಿ ಮಗುಚಿ ತೀರಿಕೊಂಡಿದ್ದ. ದಡದ ಮನೆಯಲ್ಲಿ ಅವನ ಚಾಪೆ, ಅವನ ತಟ್ಟೆ ನೋಡಲಾಗದೆ ಆಕೆ ಪಾಳಿ ಕೇಳಿ ಪಡೆದಿದ್ದರು. ಕೆಲಸದಲ್ಲಿ ಏನೂ ಕೊರತೆಯಿರಲಿಲ್ಲ, ಆದರೆ ಮಾತಿಲ್ಲ, ಊಟವೂ ಅಷ್ಟಕ್ಕಷ್ಟೇ. ದಿನೇ ದಿನೇ ಸೊರಗುತ್ತಿದ್ದ ಆಕೆಯನ್ನು ಕಂಡು ನನಗೆ ಭಯವಾಗತೊಡಗಿತು. ವಾಪಸ್ಸು ಕಳಿಸೋಣವೆಂದರೆ ಮಳೆಗಾಲ ಮುಗಿಯುವ ತನಕ ದೋಣಿ ಬರುವಂತಿರಲಿಲ್ಲ.

ಏನು ಮಾಡಲೂ ತೋಚದೆ ಒಂದು ಮಧ್ಯಾಹ್ನ 'ಹತ್ತೂರ ಒಲೆ' ಎಂಬ ಆತ್ಮಕಥೆಯನ್ನು ಗಟ್ಟಿಯಾಗಿ ಓದತೊಡಗಿದೆ. ಊರೂರು ತಿರುಗಿ ಅಡುಗೆ ಮಾಡಿದ ವಿಧವೆಯೊಬ್ಬಳ ಪುಸ್ತಕ ಅದು. ಆಕೆ ತನ್ನ ದುಃಖವನ್ನು ಎಲ್ಲಿಯೂ ಹಾಡಿಕೊಳ್ಳುವುದಿಲ್ಲ. ಗಂಡ ಸತ್ತ ಅಧ್ಯಾಯದಲ್ಲಿಯೂ ಬಂದವರಿಗೆ ಏನು ಬಡಿಸಿದೆ ಎಂದಷ್ಟೇ ಬರೆಯುತ್ತಾಳೆ. ಬಂಗಡೆ ಮೀನಿನ ಸಾರಿಗೆ ಆಕೆ ಟೊಮೆಟೊ ಹಾಕುವ ಪುಟಕ್ಕೆ ಬಂದಾಗ ಮೂಲೆಯಿಂದ ದನಿ ಕೇಳಿಸಿತು.

"ಟೊಮೆಟೊ ಹಾಕ್ತಾಳಂತಾ? ಇನ್ನೊಂದ್ಸಲ ಓದು."

ಓದಿದೆ.

"ಬಂಗಡೆಗೆ ಟೊಮೆಟೊ ಯಾರಾದ್ರೂ ಹಾಕ್ತಾರಾ? ವಿಠೋಬ ಇದ್ದಿದ್ರೆ ತಟ್ಟೆ ದೂಡಿ ಎದ್ದೋಗ್ತಿದ್ದ," ಎಂದರು ತುಳಸಕ್ಕ. ಆ ಹೆಸರು ಬಾಯಿಗೆ ಬಂದದ್ದೇ ತಡ, ಮೊಣಕಾಲಿಗೆ ಮುಖವೊತ್ತಿ ಅಳತೊಡಗಿದರು. ನಾನು ಪುಸ್ತಕ ಮುಚ್ಚಲು ಹೋದೆ. "ಮುಚ್ಚಬೇಡ್ವೆ, ಓದು. ಮುಂದೆ ಇನ್ನೇನೇನು ಹಾಳು ಮಾಡ್ತಾಳೆ ಅಂತ ಕೇಳ್ಬೇಕು," ಎಂದರು.

ಮರುದಿನ ತಾವೇ ಒಲೆ ಹಚ್ಚಿ, ಹುಣಸೆ ಹಿಂಡಿ ಸಾರು ಮಾಡಿದರು. ಇಬ್ಬರೂ ಹೊಟ್ಟೆತುಂಬ ಉಂಡೆವು. ಆಮೇಲಿನ ತಿಂಗಳುಗಳಲ್ಲಿ ಆ ಪುಸ್ತಕವನ್ನು ಮೂರು ಸಲ ಓದಿದೆ. ಪ್ರತಿ ಪುಟಕ್ಕೂ ತುಳಸಕ್ಕನ ಜಗಳ, ಪ್ರತಿ ಜಗಳದಲ್ಲೂ ವಿಠೋಬನ ಒಂದೊಂದು ಸುದ್ದಿ. ಅವನು ಈಜು ಕಲಿತದ್ದು, ಶಾಲೆ ತಪ್ಪಿಸಿ ಏಡಿ ಹಿಡಿದದ್ದು, ಅಕ್ಕನ ಮದುವೆಯಲ್ಲಿ ಮುನಿಸಿಕೊಂಡು ದೋಣಿಯಡಿ ಮಲಗಿದ್ದು. ಆತ್ಮಕಥೆಗಳಲ್ಲಿ ನನಗೆ ಇದಕ್ಕಿಂತ ಮೇಲಾದದ್ದು ಕಂಡಿಲ್ಲ. ಬರೆದವಳ ಬದುಕನ್ನು ಹೇಳುತ್ತಲೇ ಅದು ಕೇಳುವವರ ಬದುಕಿಗೂ ಜಾಗ ಬಿಟ್ಟುಕೊಡುತ್ತದೆ.

ಪಾಳಿ ಮುಗಿದು ದೋಣಿ ಬಂದ ದಿನ ತುಳಸಕ್ಕ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡರು. ಈಗ ದಡದ ಮನೆಯಲ್ಲಿ ವಿಠೋಬನ ಚಾಪೆ ಹಾಸಿ, ಕೇರಿಯ ಹೆಂಗಸರನ್ನು ಕೂರಿಸಿಕೊಂಡು ಓದಿಸುತ್ತಾರೆ.

ಒಂದೇ ಒಂದು ಬಿನ್ನಹವಿದೆ. 'ಹತ್ತೂರ ಒಲೆ'ಯ ಒಂದೇ ಪ್ರತಿ ನಮ್ಮಲ್ಲಿ ಉಳಿದಿರುವುದು, ಅದರ ಕೊನೆಯ ಅಧ್ಯಾಯವನ್ನು ಉಪ್ಪುನೀರು ತಿಂದುಹಾಕಿದೆ. ಮುದುಕಿಯಾದ ಮೇಲೆ ಆಕೆಗೆ ಯಾರು ಬಡಿಸಿದರು ಎಂದು ಇಲ್ಲಿ ಯಾರಿಗೂ ತಿಳಿಯದು. ಮುಂದೊಂದು ದಿನ ಆ ಪುಸ್ತಕ ನಿಮ್ಮ ಕೈಗೆ ಬಂದರೆ, ಓದಿ ಮುಗಿಸಿ, ಕಡಲಿನಿಂದ ದೂರದ ಯಾವುದಾದರೂ ಊರಿನಲ್ಲಿ, ನಮ್ಮ ಕಾಲದವರೆಗೆ ಉಳಿಯುವಂತೆ, ಇನ್ನೊಂದು ಪ್ರತಿ ಇಡಿ. ಕೊನೆಗೇನಾಯಿತೆಂದು ತುಳಸಕ್ಕ ದಿನವೂ ಕೇಳುತ್ತಾರೆ.