ಪ್ಲಿಮತ್‌ನಲ್ಲಿ ಊಟ ವಿಚಾರಿಸಿದ್ದು

ಪುಟ್ಟತಾಯಿ,

ನೀನು ಕಣ್ಣು ಮುಚ್ಚಿದ ಮೇಲೆ ನಿನ್ನ ತಂಗಿ ಮಗಳು ಭಾನು ನನ್ನನ್ನು ಅಮೆರಿಕದ ಈ ಪ್ಲಿಮತ್‌ಗೆ ಕರೆತಂದಳು. ಏಳನೇ ಕ್ಲಾಸಿನ ಇಂಗ್ಲಿಷಿನಲ್ಲೇ ಇಡೀ ಬೀದಿಯನ್ನು ಗೆದ್ದುಬಿಟ್ಟಿದ್ದೆ. ನಾಯಿ ಹಿಡಿದು ಬಂದವರಿಗೆಲ್ಲ ಕೈಯೆತ್ತಿ, ನಮ್ಮೂರ ಪದ್ಧತಿಯಂತೆ, ಊಟ ಆಯಿತೇ ಎಂದು ಕೇಳುತ್ತಿದ್ದೆ. ಗವರ್ನರ್ ಎದುರಾಗಿದ್ದರೂ ಬಿಡುತ್ತಿರಲಿಲ್ಲ.

ನಿನ್ನೆ ಪಕ್ಕದ ಮನೆಯ ಲಿಂಡಾ ಬಿಸಿ ಬ್ರೆಡ್ಡು, ಸೂಪು ಹಿಡಿದು ಬಾಗಿಲಿಗೇ ಬಂದಳು. ದಿನಾ ಊಟದ ಮಾತೆತ್ತುವ ಮುದುಕ ಪಾಪ ಹಸಿದಿದ್ದಾನೆಂದು ಬೀದಿಯೆಲ್ಲ ಮಾತಾಡಿಕೊಂಡಿತ್ತಂತೆ.

ಭಾನುವಿನ ಮುಖ ಕೆಂಪಗಾಯಿತು. "ದೊಡ್ಡಪ್ಪ, ನಾವು ನಿಮಗೆ ಊಟಾನೇ ಹಾಕ್ತಿಲ್ಲ ಅಂದ್ಕೊಂಡಿದಾರೆ. ಇನ್ಮೇಲೆ ವಾಕಿಂಗ್ ಬೇಡ, ಬ್ಯಾಕ್‌ಯಾರ್ಡಲ್ಲೇ ಓಡಾಡಿ. ಯಾರನ್ನೂ ಮಾತಾಡಿಸ್ಬೇಡಿ."

"ಸೂಪು ಚೆನ್ನಾಗೇ ಇದೆ ಕಣಮ್ಮ" ಅಂದೆ. ಅವಳು ನಗಲಿಲ್ಲ.

ಇಲ್ಲಿಯ ಹಿತ್ತಲಿಗೆ ಮೂರು ಕಡೆ ಬೇಲಿ, ನಾಲ್ಕನೇ ಕಡೆ ಮನೆ. ಬೆಳಿಗ್ಗೆ ಬೆಕ್ಕಿನಷ್ಟು ದಪ್ಪದ ಅಳಿಲೊಂದು ಬಂದಿತ್ತು. ಅದನ್ನು ಮಾತಾಡಿಸಲೂ ಹೆದರಿಕೆಯಾಯಿತು.

"ಬೀದಿಯೋರನ್ನೆಲ್ಲ ಮಾತಾಡಿಸಿ ಮುಗಿಸ್ಕೊಂಡು ಬಂದು ನನ್ನ ಹತ್ರಾನೂ ಒಂಚೂರು ಕೂತ್ಕೊಳ್ಳಿ" ಅನ್ನುತ್ತಿದ್ದೆಯಲ್ಲ. ಬೀದಿ ಮುಗಿಯಿತು. ಬೆಳಗಿನಿಂದ ಕೂತೇ ಇದ್ದೇನೆ.