ಕಂಬದ ಮೇಲಿನ ಕಿವಿ

ಜೂನ್ 24, ಬುಧವಾರ

ನಗರಸಭೆ ಕಚೇರಿಯಲ್ಲಿ ಮತ್ತೆ ಅದೇ ಕೆಲಸ. ಗುಂಡಿನ ಸದ್ದು ಹಿಡಿಯೋಕೆ ದೀಪದ ಕಂಬಗಳ ಮೇಲೆ ಇಟ್ಟಿರೋ ಮೈಕುಗಳು "ಗುಂಡು!" ಅಂತ ಕೂಗಿದ ಕಡೆಗೆಲ್ಲ ಪೊಲೀಸರು ಓಡಿದಾಗ ಏನು ಸಿಕ್ಕಿತು ಅಂತ ನೋಡಿ ರಿಪೋರ್ಟ್ ಬರೆಯೋದು. ಇವತ್ತಿನ ಕಂತೆ: ಲಾರಿಯ ಸೈಲೆನ್ಸರ್, ಚಾವಣಿಗೆ ಮೊಳೆ ಹೊಡೆಯೋರು, ಏನೂ ಇಲ್ಲ, ಏನೂ ಇಲ್ಲ... ಮೈಕೆಲ್ಲ ನಮ್ಮ ಕಪ್ಪು ಜನರ ಬೀದಿಗಳಲ್ಲೇ. ಸರೋವರದ ದಂಡೆಯ ಬಂಗಲೆಯವರು ಹಾರಿಸಿದರೆ ಸದ್ದೇ ಬರಲ್ಲವೇನೋ!

ಬಾಸ್ ಬ್ರೆನನ್‌ಗೆ ಖುಷಿಯೋ ಖುಷಿ. "ನೋಡು ವರ್ನೆಟಾ, ಮೈಕು ಬಂದ ಮೇಲೆ ಅಲ್ಲಿಂದ ಪೊಲೀಸರ 911 ನಂಬರಿಗೆ ಫೋನೇ ಕಮ್ಮಿ. ರಿಪೋರ್ಟಲ್ಲಿ ಇದೇ ಮೊದಲು ಬರಲಿ."

ಆಸ್ಪತ್ರೆಗೆ ಬರೋ ಗಾಯಾಳುಗಳು ಕಮ್ಮಿಯಾಗಿಲ್ಲವಲ್ಲ, ಅಂದೆ. "ಶುರುವಾಯ್ತಾ ನಿಂದು," ಅಂದ.

ಜೂನ್ 28, ಭಾನುವಾರ

ಚರ್ಚ್ ಮುಗಿಸಿ ಅಮ್ಮನ ಮನೆ. ಕರಿದ ಕೋಳಿ, ಸೊಪ್ಪು, ಜೋಳದ ಬ್ರೆಡ್ಡು. ತಮ್ಮ ಡೆಲ್‌ರಾಯ್ ರೇಗಿಸಿದ: "ಅಕ್ಕಾ, ನಿನ್ನ ಮೈಕಿಗೆ ಅಮ್ಮನ ಗೊರಕೆ ಕೇಳಿ ಪೊಲೀಸ್ ಬರಲಿಲ್ವಾ?"

ಅಷ್ಟರಲ್ಲಿ ಆಚೆ ಬೀದಿಯಲ್ಲಿ ಢಂ ಢಂ. ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಫೋನ್ ಮಾಡಮ್ಮ."

"ಯಾಕೇ? ಕಂಬ ಕೇಳಿಸ್ಕೊಂಡಿರುತ್ತೆ. ನಾನು ಮಾಡಿದ್ರೆ ನಿನ್ ಹೆಸರೇನು, ಮನೆ ಯಾವುದು ಅಂತಾರೆ. ಆಮೇಲೆ ಹಾರಿಸಿದೋನು ಬಾಗಿಲಿಗೆ ಬರ್ತಾನೆ. ಕಂಬಕ್ಕೆ ಆ ತಲೆನೋವಿಲ್ಲ."

ಇಡೀ ಬೀದಿ ಹೀಗೇ ಅಂದುಕೊಂಡಿದೆ! ಫೋನ್ ನಾನೇ ಮಾಡಿದೆ. ನಾಳೆ ಇದನ್ನ ರಿಪೋರ್ಟಿಗೆ ಸೇರಿಸಲೇಬೇಕು.

ಜೂನ್ 29

ಸೇರಿಸಿದೆ. ಬ್ರೆನನ್ ಅಳಿಸಿದ. "ನಿಮ್ಮಮ್ಮನ ಊಟದ ಮೇಜಿನ ಮಾತು ಸಾಕ್ಷಿ ಅಲ್ಲ."

ಜುಲೈ 11

ಡೆಲ್‌ರಾಯ್‌ನ ಮಣ್ಣು ಮಾಡಿ ಬಂದೆವು.

ಐದನೇ ತಾರೀಖು, ಮಟಮಟ ಮಧ್ಯಾಹ್ನ, ಕ್ಷೌರದಂಗಡಿ ಹಿಂದಿನ ಓಣಿಯಲ್ಲಿ ಅವನಿಗೆ ಗುಂಡು ಬಿತ್ತು. ಬೀದಿಗೆಲ್ಲ ಕೇಳಿಸಿತ್ತು. ಯಾರೂ ಫೋನ್ ಮಾಡಲಿಲ್ಲ. ಮೈಕಿಗೂ ಕೇಳಿಸಿತ್ತು. ಮೈಕಿನ ಕಂಪನಿಯವನು ಎಲ್ಲೋ ಕೂತು ಆ ಸದ್ದು ಕೇಳಿ "ಪಟಾಕಿ" ಅಂತ ಗುಂಡಿ ಒತ್ತಿದ. ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯ ದಿನದ ಮಾರನೇ ದಿನ ಅಲ್ವಾ. ಸ್ವಲ್ಪ ಮುಂಚೆ ತಂದಿದ್ರೆ, ಅಂದರು ಡಾಕ್ಟರು.

ಅಮ್ಮನದು ಒಂದೇ ಮಾತು: "ನಂಗೂ ಕೇಳಿಸ್ತು ಕಣೇ. ಕಂಬ ಹೇಳುತ್ತೆ ಅಂದ್ಕೊಂಡೆ."

ಅಮ್ಮನ ಮೇಲೆ ಕೆಂಡದಂಥ ಸಿಟ್ಟು. ಆಮೇಲೆ ಅವಳ ಮುಖ ನೋಡೋಕಾಗಲ್ಲ.

ಜುಲೈ 14

ಬ್ರೆನನ್ ಹೂಗುಚ್ಛ ಕೊಟ್ಟ. ಹಿಂದೆಯೇ: "ರಿಪೋರ್ಟ್ ಇನ್ನು ನಿನ್ನ ಕೈಯಲ್ಲಿ ಬೇಡ. ಸ್ವಂತ ತಮ್ಮ... ಪಕ್ಷಪಾತ ಅಂತಾರೆ."

ಮೊದಲ ಪುಟ ಓದಿದೆ. ಫೋನ್ ಕಮ್ಮಿ, ಯೋಜನೆ ಯಶಸ್ವಿ. ಆ ಕಮ್ಮಿಯಾದ ಫೋನುಗಳಲ್ಲಿ ನಮ್ಮಮ್ಮನದೂ ಒಂದು. ಥೂ, ಇವರ ಬಾಯಿಗೆ ಮಣ್ಣು ಹಾಕ.

ಜುಲೈ 19, ಭಾನುವಾರ, ಸಂಜೆ

ಆ ಓಣಿಯಲ್ಲೇ ಬಲೂನು ಬಿಟ್ಟೆವು, ನಮ್ಮಲ್ಲಿ ಸತ್ತವರಿಗೆ ಬಿಡೋ ಹಾಗೆ. ಅವನಿಷ್ಟದ ನೀಲಿ. ಪಾದ್ರಿ ಪ್ರಾರ್ಥನೆ ಶುರು ಮಾಡಿದ್ದರು. ಒಂದು ಗೊಂಚಲು ತಂತಿಗೆ ಸಿಕ್ಕಿ ಪಟಪಟ ಒಡೀತು.

ಆಮೆನ್ ಅನ್ನೋದರೊಳಗೆ ಮೂರು ಪೊಲೀಸ್ ಕಾರು. ಬಲೂನಿಗೆ! ಎಲ್ಲರ ಕೈ ಗೋಡೆಗೆ. ಪಾದ್ರಿಯದೂ. "ಗನ್ ಯಾರ ಹತ್ರ ಇದೆ?"

ಅಮ್ಮ ಹರಿದ ದಾರ ಹಿಡಿದು ನಿಂತಿದ್ದಳು. "ಈಗ ಬಂದ್ರೇನಪ್ಪಾ," ಅಂದಳು, ಅಷ್ಟೇ.

ಈಗ ಮನೆಯಲ್ಲಿದ್ದೀವಿ. ಇದನ್ನ ಬರೀತಿರೋವಾಗಲೇ ಹೊರಗೆ ಢಂ ಅಂತು. ಒಂದು. ಮತ್ತೊಂದು. ಅಮ್ಮ ಎದ್ದು ಹೋಗಿ ಫೋನ್ ತಗೊಂಡಳು. ಜೋರಾಗಿ ಹೇಳ್ತಿದ್ದಾಳೆ—

"ಬರ್ಕೊಳ್ಳಿ ನನ್ನ ಹೆಸರು. ಮನೆ ನಂಬರೂ ಬರ್ಕೊಳ್ಳಿ. ಹೋದ ಸಲ ನಾನು ಫೋನ್ ಮಾಡಲಿಲ್ಲ, ನನ್ನ ಮಗ—"