ಹುಳ ಜ್ವರಕ್ಕೆ ಕೂತ ದಿನ

ಏಪ್ರಿಲ್ 21

ರಜಾ ಸಿಗಲ್ಲ ಅಂತ ಎರಡು ವರ್ಷ ಮನೆಯಲ್ಲಿ ಹೇಳಿದ್ದು ಸುಳ್ಳು. ಕೇಳಿದ್ದರೆ ಓನರ್ ರಮೇಶ್‌ಬಾಬು ಕೊಡುತ್ತಿದ್ದ. ನಾನೇ ಕೇಳಲಿಲ್ಲ. ಸುಮ್ಮನೆ ಕೂರೋಕೆ ನನಗೆ ಭಯ. ಒಂಬತ್ತನೇ ಕ್ಲಾಸ್ ಬಿಟ್ಟಿದ್ದೂ ಅದಕ್ಕೇ. ಚಿಕ್ಕಬಳ್ಳಾಪುರದಲ್ಲಿ ತರಕಾರಿ ಟೆಂಪೋ ಓಡಿಸುವಾಗ ಮಾತ್ರ ತಲೆ ನೆಟ್ಟಗಿರುತ್ತೆ.

ಈ ಸಲ ಊರಿಗೆ ಬಂದೆ. ತನುಜಕ್ಕ ಗಂಡನ ಮನೆ ನಗರಗೆರೆಯಿಂದ ಬಂದಿದ್ದಾಳೆ ಅಂತ.

ಬೆಳಿಗ್ಗೆಯಿಂದ ಹಿಪ್ಪುನೇರಳೆ ಸೊಪ್ಪು ಕೊಯ್ಯೋದು, ಹುಳದ ಮನೆ, ಮತ್ತೆ ಸೊಪ್ಪು. ರೇಷ್ಮೆ ಸಾಕೋ ಮನೆಗೆ ಭಾನುವಾರ ಇಲ್ಲ. ಹುಳ ಜ್ವರಕ್ಕೆ ಕೂತಾಗಲೇ ರಜಾ — ಪೊರೆ ಬಿಡೋ ನಿದ್ದೆ ಅದು, ಆಗ ಸೊಪ್ಪು ತಿನ್ನಲ್ಲ.

"ನಾಲ್ಕನೇ ಜ್ವರಕ್ಕೆ ಒಬ್ಬಟ್ಟು," ಅಂದಳು ಅಮ್ಮ. "ನಾಲ್ಕು ಜನಾನೂ ಒಟ್ಟಿಗೆ ಕೂರಬೇಕು. ಇವಳ ಮದ್ವೆ ಆದ್ಮೇಲೆ ಒಂದ್ ಸಲಾನೂ ಆಗಿಲ್ಲ."

ಏಪ್ರಿಲ್ 23, ಮಧ್ಯಾಹ್ನ

ಮೂರನೇ ಜ್ವರ. ಎಲ್ಲ ಹೊಂಗೆ ಮರದ ಕೆಳಗೆ. ಅಪ್ಪ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ. ಅಕ್ಕ ಅಮ್ಮನ ತಲೆ ಬಾಚುತ್ತಿದ್ದಳು. ನಾನು ಮರಕ್ಕೂ ಬಾಗಿಲಿಗೂ ಓಡಾಡಿದೆ.

"ಏಮಿರಾ, ಕಾಲಲ್ಲಿ ಇರುವೆ ಬಿಟ್ಕೊಂಡಿದ್ದೀಯ?" ಅಮ್ಮ.

"ಇವನಿಗೆ ನ್ಯೂಟ್ರಲ್ಲೇ ಇಲ್ಲ ಕಣಮ್ಮ," ಅಕ್ಕ.

ಏಪ್ರಿಲ್ 24

ಹುಳದ ಮನೆಗೆ ಒಬ್ಬನೇ ಹೋದೆ. ಕೆಲವು ಎದ್ದಿದ್ದವು. ತಲೆ ಎತ್ತಿ ಆಡಿಸುತ್ತಿದ್ದವು. ಪಾಪ ಅನ್ನಿಸಿತು... ಇಲ್ಲ, ಸುಳ್ಳು. ಕೆಲಸ ಸಿಕ್ಕಿತು ಅನ್ನಿಸಿತು. ಸೊಪ್ಪು ಹಾಕಿಬಿಟ್ಟೆ.

ಏಪ್ರಿಲ್ 29, ಸಂಜೆ

ನಾಲ್ಕನೇ ಜ್ವರ. ಅರ್ಧ ಹುಳ ಮಲಗಿವೆ, ಅರ್ಧ ತಿನ್ನುತ್ತಿವೆ. ಅವತ್ತು ಮೂರನೇ ಜ್ವರದಿಂದ ಎಲ್ಲ ಏಳೋವರೆಗೂ ಕಾಯಬೇಕಿತ್ತು. ಮೊದಲೇ ತಿಂದವು ಮುಂದೆ ಹೋದವು, ಮಲಗಿದ್ದವು ಹಿಂದೆ ಬಿದ್ದವು. ಅಂದರೆ ರಜಾ ಇಲ್ಲ. ಅಮ್ಮ ಒಬ್ಬಟ್ಟಿಗೆ ಬೇಯಿಸಿಟ್ಟ ಬೇಳೆ ನೋಡುತ್ತಾ ನಿಂತಳು.

"ಹುಳದ ಮರಿ ಕೊಟ್ಟೋರೇ ಸರಿ ಇಲ್ಲ," ಅಂದ ಅಪ್ಪ.

ತಡೆಯಲಾಗಲಿಲ್ಲ. "ನಾನಪ್ಪ. ಸುಮ್ನೆ ಕೂರಕ್ಕಾಗ್ದೆ ಮೊದ್ಲೇ ಸೊಪ್ಪು ಹಾಕ್ದೆ."

ಅಪ್ಪ ಬೈಯಲಿಲ್ಲ. "ಹುಳಾನೂ ನಿನ್ನಂಗೇ ಆದ್ವು ಬಿಡು. ಅರ್ಧ ಇಲ್ಲಿ, ಅರ್ಧ ಎಲ್ಲೋ."

"ಹಂಗಾರೆ ಒಬ್ಬಟ್ಟು ಇಲ್ವಾ?" ಅಕ್ಕ.

"ಯಾಕಿಲ್ಲ? ಸೊಪ್ಪು ಹಾಕಕ್ಕೆ ಒಬ್ರು ಹೋಗ್ರಿ, ಮೂರು ಜನ ಊಟದ ಎಲೆ ಮುಂದೆ ಕಾಯ್ರಿ. ಅವ್ರು ಬರದೆ ಯಾರೂ ಕೈ ಹಾಕಂಗಿಲ್ಲ," ಅಮ್ಮ.

ಹಾಗೇ ಆಯ್ತು. ಕೋಸಂಬರಿ ತಿಂದು ಅಪ್ಪ ಎದ್ದು ಹೋದ. ಕಾದೆವು. ಅನ್ನಕ್ಕೆ ಸಾರು ಬಿದ್ದಾಗ ಅಕ್ಕನ ಸರದಿ. ಕಾದೆವು. ಸಾರು ಆರಿತು, ಅಮ್ಮ ಮತ್ತೆ ಬಿಸಿ ಮಾಡಿದಳು. ಅಕ್ಕನ ಅತ್ತೆ ಶ್ಯಾಮಲಮ್ಮ ಫೋನಲ್ಲಿ ಮಾತಾಡುತ್ತಲೇ ಗೊರಕೆ ಹೊಡೀತಾರಂತೆ. ಅಕ್ಕ ವಾಪಸ್ ಬಂದು ಕೂತು ಆ ಗೊರಕೆ ಹೊಡೆದು ತೋರಿಸಿದಳು. ಅಮ್ಮ ನಕ್ಕು ನಕ್ಕು ತುಪ್ಪ ಚೆಲ್ಲಿದಳು. ಒಬ್ಬಟ್ಟು ಎಲೆಗೆ ಬಿದ್ದಾಗ ಹೊಂಗೆ ಮರದ ನೆರಳು ಬೇಲಿ ದಾಟಿತ್ತು.

ಏಳಲು ಹೋದೆ. ಕಾಲು ಜೋಮು ಹಿಡಿದಿತ್ತು. ಅಷ್ಟು ಹೊತ್ತು ಕೂತಿದ್ದೆ, ನಾನು.

ಏಪ್ರಿಲ್ 30

ಓನರ್ ಫೋನ್. ಇನ್ನೊಂದು ವಾರ ಕೊಡಿ ಸಾರ್ ಅಂದೆ. ಡ್ರೈವರ್ ಇಲ್ಲ, ಬಂದುಬಿಡು ಅಂದ.

ಮುಂದೆ ಹೋದ ಹುಳಕ್ಕೊಂದು ಹೊತ್ತು, ಹಿಂದೆ ಬಿದ್ದದ್ದಕ್ಕೊಂದು ಹೊತ್ತು. ಗೂಡು ಕಟ್ಟೋವರೆಗೂ ಎರಡೆರಡು ಸಲ ಸೊಪ್ಪು. ಅಪ್ಪ ಅಮ್ಮನೇ ಹಾಕಬೇಕು. ನಾನು ಮಾಡಿಟ್ಟ ಕೆಲಸ. ಅಪ್ಪನಿಗೆ ಹಾಗೇ ಹೇಳಿದೆ.

"ಹೋಗಿ ಬಾರಪ್ಪ," ಅಂದ. ಅಷ್ಟೇ.

ಬಟ್ಟೆ ಬ್ಯಾಗಿಗೆ ತುಂಬಿದ್ದೀನಿ. ನಾಳೆ ಮೊದಲ ಬಸ್ಸಿಗೆ ಹೊರಡ್ತೀನಿ.